ಹನ್ನೊಂದು ಕುಳಿಗಳ ಬಳೆ: ಬ್ಯಾಸಿಲಸ್ ಸಬ್ಟಿಲಿಸ್ ಟ್ರಿಪ್ಟೊಫಾನ್ ತಯಾರಿಕೆಯನ್ನು ಹೇಗೆ ನಿಲ್ಲಿಸುತ್ತದೆ

ಟ್ರಿಪ್ಟೊಫಾನ್ ಮಾಡೋದು ದುಬಾರಿ ಕೆಲಸ. ಪ್ರೋಟೀನ್ ಕಟ್ಟುವ 20 ಅಮೈನೋ ಆಮ್ಲಗಳಲ್ಲಿ ಇಷ್ಟು ಖರ್ಚಿನದು ಇನ್ನೊಂದಿಲ್ಲ. ಗ್ಲೈಸಿನ್‌ನಂಥ ಚಿಕ್ಕದನ್ನು ಮಾಡಲು ಬ್ಯಾಕ್ಟೀರಿಯಾಕ್ಕೆ ಸುಮಾರು 12 ಎಟಿಪಿಯಷ್ಟು ಶಕ್ತಿ ಸಾಕು. ಎಟಿಪಿ ಅಂದರೆ ಕೋಶದ ಶಕ್ತಿಯ ನಾಣ್ಯ. ಒಂದೇ ಒಂದು ಟ್ರಿಪ್ಟೊಫಾನ್‌ಗೆ ಸುಮಾರು 74 ಬೇಕು. ಹಾಗಂತ ಪ್ರೋಟೀನುಗಳಲ್ಲಿ ಅದು ಜಾಸ್ತಿ ಬೇಕಾಗುತ್ತದೆಯೇ ಅಂದರೆ ಅದೂ ಇಲ್ಲ, ಅಲ್ಲೊಂದು ಇಲ್ಲೊಂದು. ಆದರೆ ಆ ಒಂದು ಇಲ್ಲದಿದ್ದರೆ ಪ್ರೋಟೀನ್ ಅರ್ಧಕ್ಕೇ ನಿಂತುಹೋಗುತ್ತದೆ.

ಈಗ ನಮ್ಮ ಪ್ರಕರಣಕ್ಕೆ ಬರೋಣ. ಮಣ್ಣಿನಲ್ಲಿ, ಕೊಳೆಯುತ್ತಿರುವ ಹುಲ್ಲಿನ ನಡುವೆ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಬದುಕುತ್ತಿದೆ. 1872ರಲ್ಲಿ ಫರ್ಡಿನಾಂಡ್ ಕೋನ್ ಅದಕ್ಕೆ ಈ ಹೆಸರು ಕೊಟ್ಟರು. ಇಂಗ್ಲಿಷಿನಲ್ಲಿ ಇದನ್ನು ಹುಲ್ಲಿನ ಬ್ಯಾಸಿಲಸ್ ಅಂತಲೇ ಕರೆಯುತ್ತಾರೆ. ಅದು ತನಗೆ ಬೇಕಾದ ಟ್ರಿಪ್ಟೊಫಾನನ್ನು ತಾನೇ ಮಾಡಿಕೊಳ್ಳುತ್ತಿದೆ. ಅಷ್ಟರಲ್ಲಿ ಪಕ್ಕದಲ್ಲಿ ಯಾವುದೋ ಹುಳ ಸತ್ತು ಕೊಳೆಯಿತು. ಅದರ ಪ್ರೋಟೀನುಗಳು ಒಡೆದು ಸುತ್ತಲೂ ಅಮೈನೋ ಆಮ್ಲಗಳು ಹರಡಿದವು. ಟ್ರಿಪ್ಟೊಫಾನ್ ಪುಕ್ಕಟೆ ಸಿಗುತ್ತಿದೆ. ಇನ್ನೂ ಸ್ವಂತ ತಯಾರಿಕೆ ನಡೆಸುತ್ತಾ ಕೂತರೆ ಸುಮ್ನೆ ದಂಡ ಅಲ್ವಾ? ನಿಲ್ಲಿಸಬೇಕು. ನಾಳೆ ಖಾಲಿಯಾದರೆ ಮತ್ತೆ ಶುರು ಮಾಡಲೂ ಬೇಕು. ಮೆದುಳು ನರ ಏನೂ ಇಲ್ಲದ ಒಂದು ಜೀವಕೋಶ ಇದನ್ನು ಹೇಗೆ ತೀರ್ಮಾನಿಸುತ್ತದೆ?

ತಕ್ಷಣದ ಉಪಾಯ ಒಂದಿದೆ. ತಯಾರಿಕೆಯ ಮೊದಲ ಕಿಣ್ವಕ್ಕೆ ಟ್ರಿಪ್ಟೊಫಾನೇ ಹೋಗಿ ಅಂಟಿಕೊಂಡು ಅದರ ಕೈ ಕಟ್ಟಿಹಾಕುತ್ತದೆ. ಆದರೆ ಕಿಣ್ವಗಳನ್ನು ಮಾಡುವ ಖರ್ಚು ಹಾಗೇ ಉಳಿಯಿತಲ್ಲ. ಆ ಖರ್ಚನ್ನು ತಡೆಯಲು ಜೀನ್‌ಗಳ ಮಟ್ಟಕ್ಕೇ ಇಳಿಯಬೇಕು. ನಮ್ಮ ಕತೆ ಅಲ್ಲಿಯದು.

ಟ್ರಿಪ್ಟೊಫಾನ್ ಮಾಡಲು 7 ಜೀನ್‌ಗಳು ಬೇಕು. ಬ್ಯಾಸಿಲಸ್‌ನಲ್ಲಿ ಅದರಲ್ಲಿ 6 ಒಂದೇ ಸಾಲಿನಲ್ಲಿವೆ: ಇ, ಡಿ, ಸಿ, ಎಫ್, ಬಿ, ಎ. ಇದಕ್ಕೆ ಟ್ರಿಪ್ ಆಪೆರಾನ್ ಅನ್ನುತ್ತಾರೆ. ಏಳನೆಯದು, ಟ್ರಿಪ್-ಜಿ, ದೂರದಲ್ಲಿ ಫೋಲೇಟ್ ಎಂಬ ಬಿ ವಿಟಮಿನ್ ತಯಾರಿಸುವ ಜೀನ್‌ಗಳ ಜೊತೆ ಸಂಸಾರ ಹೂಡಿದೆ. ಅದರ ಪ್ರೋಟೀನ್ ಎರಡೂ ಮನೆಗೆ ದುಡಿಯುತ್ತದೆ, ಫೋಲೇಟ್‌ಗೂ ಬೇಕು, ಟ್ರಿಪ್ಟೊಫಾನ್‌ಗೂ ಬೇಕು. ಈ ಏಳನೆಯದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ನಮ್ಮಲ್ಲಿ ಬಿ.ಎಸ್ಸಿ. ಓದಿದವರಿಗೆ ಟ್ರಿಪ್ ಆಪೆರಾನ್ ಅಂದರೆ ಕರುಳಿನ ಬ್ಯಾಕ್ಟೀರಿಯಾ ಇ. ಕೊಲೈ ನೆನಪಾಗುತ್ತದೆ. ಸ್ಟ್ಯಾನ್‌ಫರ್ಡ್‌ನ ಚಾರ್ಲ್ಸ್ ಯಾನೋಫ್‌ಸ್ಕಿ ತಂಡ ಬಿಡಿಸಿದ ಕತೆ ಅದು. ಇ. ಕೊಲೈನಲ್ಲಿ ಡಿಎನ್‌ಎ ಮೇಲೆ ಕೂರುವ ಒಂದು ತಡೆ ಪ್ರೋಟೀನ್ ಇದೆ. ಅದರ ಜೊತೆಗೆ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೋಸೋಮ್ ಆಡುವ ಒಂದು ಆಟವೂ ಇದೆ. ಜೀನ್‌ಗಳು ಶುರುವಾಗುವ ಮುಂಚೆ 14 ಅಮೈನೋ ಆಮ್ಲಗಳ ಪುಟ್ಟ ಪೆಪ್ಟೈಡ್ ಒಂದರ ಸಂಕೇತ ಇರುತ್ತದೆ. ಅದರಲ್ಲಿ ಅಕ್ಕಪಕ್ಕ ಎರಡು ಟ್ರಿಪ್ಟೊಫಾನ್. ಟ್ರಿಪ್ಟೊಫಾನ್ ಕೊರತೆ ಇದ್ದರೆ ರೈಬೋಸೋಮ್ ಅಲ್ಲೇ ತಡವರಿಸಿ ನಿಲ್ಲುತ್ತದೆ. ಆಗ ಆರ್‌ಎನ್‌ಎ, ಅಂದರೆ ಜೀನ್ ನೋಡಿ ಬರೆದ ನಕಲು, ಬೇರೆ ರೀತಿ ಮಡಚಿಕೊಂಡು ಮುಂದಿನ ಜೀನ್‌ಗಳಿಗೆ ದಾರಿ ತೆರೆಯುತ್ತದೆ.

ಬ್ಯಾಸಿಲಸ್‌ನಲ್ಲೂ ಹೀಗೇ ಇರಬೇಕು ಅಂದುಕೊಳ್ಳೋದು ಸಹಜ. ಆದರೆ ಅದರ ಟ್ರಿಪ್ ಆಪೆರಾನಿನ ಮುಂಭಾಗದಲ್ಲಿ ಅಂಥ ಪೆಪ್ಟೈಡ್ ಇಲ್ಲ. ಸುಮಾರು 200 ಅಕ್ಷರಗಳ ಆರ್‌ಎನ್‌ಎ ಮಾತ್ರ ಇದೆ. ಇದಕ್ಕೆ ಒಂದು ಒಳ್ಳೆಯ ಕಾರಣ 2020ರಲ್ಲಿ ಎಂಐಟಿಯ ಜೀನ್-ವೇ ಲೀ ಅವರ ಪ್ರಯೋಗಾಲಯದಿಂದ ಬಂತು. ಇ. ಕೊಲೈನಲ್ಲಿ ಆರ್‌ಎನ್‌ಎ ಬರೆಯುವ ಪಾಲಿಮರೇಸ್ ಮುಂದೆ, ಅದನ್ನು ಓದುವ ರೈಬೋಸೋಮ್ ಬೆನ್ನಹಿಂದೆ, ಎರಡೂ ಒಟ್ಟಿಗೆ ಸಾಗುತ್ತವೆ. ಬ್ಯಾಸಿಲಸ್‌ನಲ್ಲಿ ಪಾಲಿಮರೇಸ್ ರೈಬೋಸೋಮನ್ನು ಹಿಂದೆ ಬಿಟ್ಟು ಓಡಿಹೋಗುತ್ತದೆ. ಹಿಂದೆ ಬರುವವನು ಎಲ್ಲೋ ಉಳಿದುಕೊಂಡರೆ ಅವನ ತಡವರಿಕೆ ನೋಡಿ ಮುಂದಿನವನು ತೀರ್ಮಾನ ತೆಗೆದುಕೊಳ್ಳುವುದು ಹೇಗೆ? ಬೇರೆ ಯಾರಾದರೂ ಆರ್‌ಎನ್‌ಎಯನ್ನು ನೇರವಾಗಿ ಕೈಯಲ್ಲಿ ಹಿಡಿಯಬೇಕು.

ಆ ಬೇರೆ ಯಾರಾದರೂ ಒಬ್ಬರು ಇದ್ದಾರೆ ಎಂಬ ಸುಳಿವು ಇದಕ್ಕೂ ಬಹಳ ಮೊದಲೇ ಸಿಕ್ಕಿತ್ತು, ಅದೂ ನಕಲಿ ಟ್ರಿಪ್ಟೊಫಾನ್‌ನಿಂದ. 5-ಮೀಥೈಲ್ ಟ್ರಿಪ್ಟೊಫಾನ್ ನೋಡಲು ಅಸಲಿಯಂತೇ ಇರುತ್ತದೆ. ಅದನ್ನು ಬೆರೆಸಿದ ತಟ್ಟೆಯಲ್ಲಿ ಬ್ಯಾಸಿಲಸ್ ಬೆಳೆಸಿದರೆ ಕೋಶಗಳು ಮೋಸಹೋಗುತ್ತವೆ. ಟ್ರಿಪ್ಟೊಫಾನ್ ಇದೆ ಅಂದುಕೊಂಡು ಸ್ವಂತ ತಯಾರಿಕೆ ನಿಲ್ಲಿಸಿ ಹಸಿವಿನಿಂದ ಸೊರಗುತ್ತವೆ. ಖಾಲಿ ತಟ್ಟೆಯಲ್ಲಿ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಮಾತ್ರ ಬೆಳೆಯುತ್ತದೆ. ಆ ಚುಕ್ಕೆಗಳಲ್ಲಿ ಇರುವವು ತಯಾರಿಕೆ ನಿಲ್ಲಿಸಲು ಬಾರದ ಕೋಶಗಳು. ನಕಲಿಯನ್ನು ಮೀರಿಸುವಷ್ಟು ಅಸಲಿ ಟ್ರಿಪ್ಟೊಫಾನನ್ನು ಅವು ಮಾಡುತ್ತಲೇ ಇರುತ್ತವೆ. ಹಾಳಾಗಿದ್ದ ಜಾಗಕ್ಕೆ ಎಂಟಿಆರ್ ಎಂಬ ಹೆಸರು ಬಿತ್ತು, ಮೀಥೈಲ್ ಟ್ರಿಪ್ಟೊಫಾನ್‌ಗೆ ಜಗ್ಗದ್ದು ಅನ್ನುವ ಅರ್ಥದಲ್ಲಿ. ನನಗೆ ಈ ವಿಧಾನ ತುಂಬಾ ಇಷ್ಟ. ಒಂದು ಭಾಗ ಏನು ಮಾಡುತ್ತದೆ ಅಂತ ತಿಳಿಯಬೇಕಾದರೆ ಅದು ಕೆಟ್ಟಾಗ ಯಾರು ಬದುಕುತ್ತಾರೆ ಅಂತ ನೋಡೋದು.

1986ರಲ್ಲಿ ಯಾನೋಫ್‌ಸ್ಕಿ, ಹೆನರ್ ಮತ್ತು ಸಂಗಡಿಗರು ಬ್ಯಾಸಿಲಸ್‌ನಲ್ಲಿ ಹೊಸ ಬಗೆಯ ನಿಯಂತ್ರಣ ಇದೆ, ಆರ್‌ಎನ್‌ಎ ಮಡಿಕೆಯನ್ನು ಯಾವುದೋ ಪ್ರೋಟೀನ್ ಬದಲಿಸುತ್ತಿರಬೇಕು ಅಂತ ಬರೆದರು. 1990ರಲ್ಲಿ ಪಾಲ್ ಗಾಲ್ನಿಕ್ ಮತ್ತಿತರರು ಎಂಟಿಆರ್ ಜಾಗದಲ್ಲಿ ಎರಡು ಜೀನ್ ಇವೆ ಎಂದು ತೋರಿಸಿದರು. ಒಂದು ಫೋಲೇಟ್ ತಯಾರಿಕೆಯ ಮೊದಲ ಕಿಣ್ವದ್ದು ಎಂದು ಗೊತ್ತಾಯಿತು. ಇನ್ನೊಂದು, ಎಂಟಿಆರ್-ಬಿ, ನಾವು ಹುಡುಕುತ್ತಿದ್ದ ಪ್ರೋಟೀನ್‌ನದು. ಅದರ ಹೆಸರು ಟ್ರಾಪ್. 1993ರಲ್ಲಿ ಪಾಲ್ ಬ್ಯಾಬಿಟ್ಸ್ಕಿ ಮತ್ತು ಯಾನೋಫ್‌ಸ್ಕಿ ಕೊಳವೆಯೊಳಗೆ ಎಲ್ಲವನ್ನೂ ಜೋಡಿಸಿ ನೋಡಿದರು. ಡಿಎನ್‌ಎ, ಪಾಲಿಮರೇಸ್, ಶುದ್ಧ ಮಾಡಿದ ಟ್ರಾಪ್. ಟ್ರಿಪ್ಟೊಫಾನ್ ಹಾಕಿದಾಗ ಆರ್‌ಎನ್‌ಎ ಬರವಣಿಗೆ ಮಧ್ಯದಲ್ಲೇ ನಿಂತಿತು. ಹಾಕದಿದ್ದಾಗ ಮುಂದೆ ಹೋಯಿತು. ಬೇರೆ ಯಾರ ಸಹಾಯವೂ ಬೇಕಾಗಲಿಲ್ಲ. ಇಂಥ ಪ್ರಯೋಗದ ಮುಂದೆ ವಾದಕ್ಕೆ ಜಾಗ ಇರುವುದಿಲ್ಲ.

1995ರಲ್ಲಿ ಅದರ ಆಕಾರ ಸಿಕ್ಕಿತು. ಬರೀ 75 ಅಮೈನೋ ಆಮ್ಲಗಳ ಚಿಕ್ಕ ಪ್ರೋಟೀನ್. ಅಂಥ 11 ಒಂದೇ ಥರದ ತುಂಡುಗಳು ಕೈಕೈ ಹಿಡಿದು ಬಳೆಯ ಹಾಗೆ ಸುತ್ತು ನಿಂತಿವೆ. 10 ಅಲ್ಲ, 12 ಅಲ್ಲ, 11. ಪ್ರೋಟೀನ್ ಲೋಕದಲ್ಲಿ ಇದು ಅಪರೂಪದ ಲೆಕ್ಕ. ಪ್ರತಿ ಎರಡು ತುಂಡುಗಳ ಸಂದಿಯಲ್ಲಿ ಒಂದು ಕುಳಿ, ಪ್ರತಿ ಕುಳಿಯಲ್ಲಿ ಒಂದು ಟ್ರಿಪ್ಟೊಫಾನ್. ಒಟ್ಟು 11 ಕುಳಿ, 11 ಟ್ರಿಪ್ಟೊಫಾನ್.

ಆಮೇಲೆ 1999ರಲ್ಲಿ ಆರ್‌ಎನ್‌ಎ ಸಮೇತ ಚಿತ್ರ ಸಿಕ್ಕಿತು. ಆರ್‌ಎನ್‌ಎ ಬಳೆಯ ಒಳಗೆ ತೂರುವುದಿಲ್ಲ, ಹೊರ ಅಂಚಿನ ಸುತ್ತ ಬೆಲ್ಟಿನ ಹಾಗೆ ಸುತ್ತಿಕೊಳ್ಳುತ್ತದೆ. ಟ್ರಿಪ್ ಆಪೆರಾನಿನ ಮುಂಭಾಗದಲ್ಲಿ ಮೂರಕ್ಷರದ ಒಂದು ಮಾತು ಮತ್ತೆ ಮತ್ತೆ ಬರುತ್ತದೆ. 7 ಸಲ ಜಿಎಜಿ, 4 ಸಲ ಯುಎಜಿ. ಕೂಡಿದರೆ 11. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಎರಡೋ ಮೂರೋ ಅಕ್ಷರ ಬಿಡುವು. ಬಳೆಯ ಒಂದೊಂದು ತುಂಡು ಒಂದೊಂದು ಮಾತನ್ನು ಹಿಡಿಯುತ್ತದೆ.

ಇದು ಓದಿದಾಗ ನನಗೆ ಅರ್ಥವಾದ ಹಾಗೆ ಅನಿಸಿತ್ತು, ಆದರೆ ಪೂರ್ತಿ ಆಗಿರಲಿಲ್ಲ. ಒಂದು ಸಂಜೆ ಮನೆಯಲ್ಲಿ ಗಾಜಿನ ಬಳೆ ಮತ್ತು ಹೂ ಕಟ್ಟುವ ದಾರ ತಗೊಂಡು ಕೂತೆ. ದಾರವನ್ನು ಎರಡು ಬೆರಳಲ್ಲಿ ಹೊಸೆದು ಸಡಿಲ ಬಿಟ್ಟೆ. ಅದು ತಾನಾಗಿಯೇ ಮಡಚಿಕೊಂಡು ಹೆರ್‌ಪಿನ್ನಿನ ಹಾಗೆ ಸುತ್ತಿಕೊಂಡಿತು. ಈಗ ಅದೇ ದಾರವನ್ನು ಬಳೆಯ ಹೊರ ಅಂಚಿಗೆ ಬಿಗಿಯಾಗಿ ಸುತ್ತಿ, ಹೆಬ್ಬೆರಳಿಂದ ಒತ್ತಿ ಹಿಡಿದೆ. ಸುತ್ತಿದ ಭಾಗ ಮಡಚಿಕೊಳ್ಳಲಾರದು. ಅದು ಬಳೆಯ ಪಾಲಾಯಿತು. ಆದರೆ ಬಳೆ ದಾಟಿ ಆಚೆ ನೇತಾಡುವ ತುದಿ ಇನ್ನೂ ಸ್ವತಂತ್ರ. ಅದು ತನ್ನಷ್ಟಕ್ಕೆ ಮಡಚಿಕೊಂಡಿತು. ಟ್ರಾಪ್‌ನ ಕೆಲಸ ಆಗ ಕಣ್ಣಿಗೆ ಕಂಡಿತು. ಅದು ಆರ್‌ಎನ್‌ಎಯನ್ನು ಕತ್ತರಿಸುವುದಿಲ್ಲ, ಪಾಲಿಮರೇಸನ್ನು ಮುಟ್ಟುವುದೂ ಇಲ್ಲ. ಒಂದು ಮಡಿಕೆ ಆಗದಂತೆ ತಡೆದು, ಇನ್ನೊಂದು ಮಡಿಕೆಗೆ ಅವಕಾಶ ಕೊಡುತ್ತದೆ. ಅಷ್ಟೇ.

ಸ್ವಲ್ಪ ಹತ್ತಿರದಿಂದ ನೋಡೋಣ, ಅಕ್ಷರಗಳ ಲೆಕ್ಕ ಹಿಡಿದು. ಆ 11 ಮಾತುಗಳು 36ನೇ ಅಕ್ಷರದಿಂದ 91ರವರೆಗೆ ಹಬ್ಬಿವೆ. 60ರಿಂದ 111ರವರೆಗಿನ ಭಾಗ ಒಂದು ಮಡಿಕೆ ಹಾಕಬಲ್ಲದು. ಇದಕ್ಕೆ ಆ್ಯಂಟಿಟರ್ಮಿನೇಟರ್ ಅನ್ನುತ್ತಾರೆ. 108ರಿಂದ 133ರವರೆಗಿನದು ಇನ್ನೊಂದು ಮಡಿಕೆ. ಇದು ಟರ್ಮಿನೇಟರ್, ಪಾಲಿಮರೇಸನ್ನು ಅಲ್ಲೇ ಕಳಚಿ ಬೀಳಿಸುವ ಮಡಿಕೆ. ಎರಡೂ ಒಟ್ಟಿಗೆ ಇರಲಾರವು, ಯಾಕಂದರೆ 108ರಿಂದ 111ರವರೆಗಿನ ನಾಲ್ಕು ಅಕ್ಷರ ಎರಡಕ್ಕೂ ಬೇಕು. ಇಡೀ ಕಾರುಬಾರು ಆ ನಾಲ್ಕು ಅಕ್ಷರ ಯಾರ ಪಾಲಿಗೆ ಬೀಳುತ್ತದೆ ಅನ್ನುವುದರ ಮೇಲೆ ನಿಂತಿದೆ.

ಟ್ರಿಪ್ಟೊಫಾನ್ ಇಲ್ಲದಾಗ ಬಳೆ ಆರ್‌ಎನ್‌ಎಯನ್ನು ಹಿಡಿಯುವುದಿಲ್ಲ. ಮೊದಲು ಹೊರಬರುವ ಆ್ಯಂಟಿಟರ್ಮಿನೇಟರ್ ಮಡಚಿಕೊಂಡು ನಾಲ್ಕೂ ಅಕ್ಷರ ಕಸಿದುಕೊಳ್ಳುತ್ತದೆ. ಟರ್ಮಿನೇಟರ್‌ಗೆ ಏನೂ ಉಳಿಯುವುದಿಲ್ಲ. ಪಾಲಿಮರೇಸ್ ಆರೂ ಜೀನ್‌ಗಳನ್ನು ಬರೆಯುತ್ತದೆ. ಟ್ರಿಪ್ಟೊಫಾನ್ ಇದ್ದಾಗ ಬಳೆ 36ರಿಂದ 91ರವರೆಗೆ ಸುತ್ತಿ ಹಿಡಿಯುತ್ತದೆ. ಆ್ಯಂಟಿಟರ್ಮಿನೇಟರ್‌ನ ಒಂದು ಕಾಲೇ ಬಳೆಗೆ ಸಿಕ್ಕಿಬಿತ್ತು. ನಾಲ್ಕು ಅಕ್ಷರ ಟರ್ಮಿನೇಟರ್‌ಗೆ ದಕ್ಕುತ್ತದೆ. ಮೊದಲ ಜೀನ್ ಮುಟ್ಟುವ ಮುಂಚೆಯೇ ಬರವಣಿಗೆ ಮುಗಿಯುತ್ತದೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ಪಾಲಿಮರೇಸ್ ಓಡುವ ಓಟದಲ್ಲಿ ಬಳೆಗೆ ಸುತ್ತಿಕೊಳ್ಳಲು ಸಮಯ ಎಲ್ಲಿದೆ? 91ನೇ ಅಕ್ಷರ ಬಂದ ಸ್ವಲ್ಪದರಲ್ಲೇ 111 ಬಂದುಬಿಡುತ್ತದೆ. ಬ್ಯಾಬಿಟ್ಸ್ಕಿ ಪ್ರಯೋಗಾಲಯ ಇದಕ್ಕೆ ಉತ್ತರ ಹುಡುಕಿತು. ಪಾಲಿಮರೇಸ್ 107ನೇ ಅಕ್ಷರ ಬರೆದು ಒಂದು ಕ್ಷಣ ತಂಗುತ್ತದೆ. ನಸ್-ಎ, ನಸ್-ಜಿ ಎಂಬ ಎರಡು ಪ್ರೋಟೀನುಗಳು ಅದನ್ನು ಇನ್ನಷ್ಟು ಹೊತ್ತು ನಿಲ್ಲಿಸುತ್ತವೆ. ನೋಡಿ, ನಿಲ್ಲುವುದು 107ರಲ್ಲಿ, ಜಗಳದ ನಾಲ್ಕು ಅಕ್ಷರ ಶುರುವಾಗುವುದು 108ರಲ್ಲಿ. ತೀರ್ಮಾನದ ಹೊಸ್ತಿಲಲ್ಲೇ ಒಂದು ನಿಲುಗಡೆ. ಬಳೆಗೆ ಬೇಕಾದ ಹೊತ್ತು ಅಲ್ಲಿ ಸಿಗುತ್ತದೆ. ಈ ಒಂದು ಸಂಖ್ಯೆ ಓದಿದ ದಿನ ನಾನು ತುಂಬಾ ಹೊತ್ತು ಬೇರೇನೂ ಓದಲಿಲ್ಲ.

ಇಷ್ಟಾದರೂ ಕೆಲವು ಪಾಲಿಮರೇಸ್‌ಗಳು ತಪ್ಪಿಸಿಕೊಂಡು ಮುಂದೆ ಹೋಗುತ್ತವೆ. ಅದಕ್ಕೂ ವ್ಯವಸ್ಥೆ ಇದೆ. ಪೂರ್ತಿ ಬರೆದ ಆರ್‌ಎನ್‌ಎಗೂ ಬಳೆ ಸುತ್ತಿಕೊಳ್ಳಬಲ್ಲದು. ಆಗ ಮುಂದಿನ ಭಾಗ ಬೇರೆ ಥರ ಮಡಚಿಕೊಂಡು, ಟ್ರಿಪ್-ಇ ಜೀನ್‌ಗೆ ರೈಬೋಸೋಮ್ ಬಂದು ಕೂರುವ ಜಾಗವನ್ನು ಮುಚ್ಚುತ್ತದೆ. ಆರ್‌ಎನ್‌ಎ ಇದೆ, ಓದುವವರಿಲ್ಲ. 144ನೇ ಅಕ್ಷರದಲ್ಲಿ ಪಾಲಿಮರೇಸ್ ಇನ್ನೊಮ್ಮೆ ತಂಗುವುದು ಇದಕ್ಕಾಗಿ.

ದೂರದಲ್ಲಿ ಸಂಸಾರ ಹೂಡಿದ ಆ ಏಳನೇ ಜೀನ್ ನೆನಪಿದೆಯಲ್ಲ? ಟ್ರಿಪ್-ಜಿ ಫೋಲೇಟ್ ಸಾಲಿನ ನಡುವೆ ಇದೆ. ಅಲ್ಲಿ ಬರವಣಿಗೆಯನ್ನೇ ನಿಲ್ಲಿಸಿದರೆ ಅದರ ಮುಂದಿನ ಫೋಲೇಟ್ ಜೀನ್‌ಗಳಿಗೂ ಕುತ್ತು. ಆದ್ದರಿಂದ ಟ್ರಾಪ್ ಅಲ್ಲಿ ಬೇರೆ ದಾರಿ ಹಿಡಿಯುತ್ತದೆ. ಟ್ರಿಪ್-ಜಿಗೆ ರೈಬೋಸೋಮ್ ಕೂರುವ ಜಾಗದ ಮೇಲೇ ಅಂಥ 9 ಮಾತುಗಳಿವೆ. ಬಳೆ ನೇರ ಅಲ್ಲೇ ಕೂತುಬಿಡುತ್ತದೆ, ಅದೊಂದು ಪ್ರೋಟೀನ್ ಮಾತ್ರ ಕಮ್ಮಿಯಾಗುತ್ತದೆ. ಹೊರಗಿನಿಂದ ಟ್ರಿಪ್ಟೊಫಾನ್ ಒಳಗೆ ತರುವ ಟ್ರಿಪ್-ಪಿ ಎಂಬ ಸಾಗಣೆ ಪ್ರೋಟೀನ್‌ಗೂ ಇದೇ ಉಪಾಯ. ಒಳಗೆ ಸಾಕಷ್ಟು ಇದ್ದ ಮೇಲೆ ಇನ್ನೂ ಯಾಕೆ ತರಬೇಕು?

ಬರೀ ಆರ್‌ಎನ್‌ಎಯೇ ಟ್ರಿಪ್ಟೊಫಾನನ್ನು ಗುರುತಿಸಿದ್ದರೆ ಆಗುತ್ತಿರಲಿಲ್ಲವೇ, ನಡುವೆ ಪ್ರೋಟೀನ್ ಯಾಕೆ ಅಂತ ಕೇಳುವವರಿದ್ದಾರೆ. ಬೇರೆ ಎಷ್ಟೋ ಜೀನ್‌ಗಳಲ್ಲಿ ಆರ್‌ಎನ್‌ಎ ಹಾಗೆ ಮಾಡುತ್ತದೆ ಕೂಡ. ನನಗನ್ನಿಸುವುದು, ಬೇರೆ ಬೇರೆ ಜಾಗದಲ್ಲಿರುವ ಜೀನ್‌ಗಳನ್ನು ಬೇರೆ ಬೇರೆ ರೀತಿಯಲ್ಲಿ, ಆದರೆ ಒಂದೇ ಅಳತೆಗೋಲಿನಿಂದ ನಡೆಸಬೇಕಾದಾಗ ಒಂದು ಪ್ರೋಟೀನ್ ಒಳ್ಳೆಯ ಆಯ್ಕೆ. ಪ್ರತಿ ಆರ್‌ಎನ್‌ಎಯಲ್ಲೂ ಟ್ರಿಪ್ಟೊಫಾನ್ ಹಿಡಿಯುವ ಸಂಕೀರ್ಣ ಆಕಾರ ಕಟ್ಟಬೇಕಾಗಿಲ್ಲ. ಒಂದಷ್ಟು ಜಿಎಜಿ, ಯುಎಜಿ ಪೋಣಿಸಿದರೆ ಸಾಕು. ಹಾಗಂತ ಇದೊಂದೇ ದಾರಿಯಲ್ಲ. ಹಾಲು, ಮಜ್ಜಿಗೆಗಳಲ್ಲಿ ಸಿಗುವ ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್ ಟ್ರಾಪ್ ಇಲ್ಲದೆಯೇ, ಟಿ-ಬಾಕ್ಸ್ ಎಂಬ ಆರ್‌ಎನ್‌ಎ ಆಕಾರದಿಂದ ತನ್ನ ಟ್ರಿಪ್ ಆಪೆರಾನನ್ನು ಸಂಭಾಳಿಸುತ್ತದೆ.

ಇಲ್ಲಿಗೆ ಪ್ರಕರಣ ಮುಗಿಯಿತು ಅಂದುಕೊಳ್ಳಬಹುದು. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಇದರ ನಿಜವಾದ ತಿರುವು ಇನ್ನು ಮುಂದೆ ಇದೆ.

ಟ್ರಾಪ್‌ಗೆ ಗೊತ್ತಾಗುವುದು ಒಂದೇ ವಿಷಯ. ಕೋಶದೊಳಗೆ ಬಿಡಿ ಟ್ರಿಪ್ಟೊಫಾನ್ ಇದೆಯೋ ಇಲ್ಲವೋ ಅನ್ನುವುದು. ಪ್ರೋಟೀನ್ ಕಟ್ಟಲು ಬೇಕಾದದ್ದು ಬಿಡಿ ಟ್ರಿಪ್ಟೊಫಾನ್ ಅಲ್ಲ, ಟಿಆರ್‌ಎನ್‌ಎ ಎಂಬ ಹೊರುವ ಅಣುವಿನ ಬೆನ್ನಿಗೆ ಏರಿದ ಟ್ರಿಪ್ಟೊಫಾನ್. ಅಂಗಡಿಯಲ್ಲಿ ಅಕ್ಕಿ ಇದ್ದರೆ ಸಾಲದು, ಎಲೆಗೆ ಅನ್ನ ಬೀಳಬೇಕು. ಟಿಆರ್‌ಎನ್‌ಎಗೆ ಟ್ರಿಪ್ಟೊಫಾನ್ ಏರಿಸುವ ಕಿಣ್ವ ಕೈಕೊಟ್ಟರೆ ಏನಾಗುತ್ತದೆ? ಬಿಡಿ ಟ್ರಿಪ್ಟೊಫಾನ್ ಬೇಕಾದಷ್ಟು ಇರುತ್ತದೆ. ಟ್ರಾಪ್ ಎಲ್ಲ ಸರಿಯಾಗಿದೆ ಅಂತ ತಯಾರಿಕೆ ನಿಲ್ಲಿಸುತ್ತದೆ. ಅತ್ತ ಕೋಶ ಟ್ರಿಪ್ಟೊಫಾನ್ ಸಿಗದೆ ಒದ್ದಾಡುತ್ತದೆ.

ಆದರೆ ಪ್ರಯೋಗದಲ್ಲಿ ಕಂಡದ್ದೇ ಬೇರೆ. ಆ ಏರಿಸುವ ಕಿಣ್ವ ಶಾಖಕ್ಕೆ ಕೆಡುವಂಥ ಒಂದು ಬ್ಯಾಸಿಲಸ್ ತಳಿ ಇತ್ತು. ಅದು ಟ್ರಿಪ್ಟೊಫಾನ್ ಇದ್ದರೂ ಟ್ರಿಪ್ ಕಿಣ್ವಗಳನ್ನು ಜಾಸ್ತಿ ಮಾಡುತ್ತಿತ್ತು. ಟ್ರಾಪ್ ಮಾತನ್ನು ಯಾರೋ ತಳ್ಳಿಹಾಕುತ್ತಿದ್ದರು. 2000 ಮತ್ತು 2001ರಲ್ಲಿ ಯಾನೋಫ್‌ಸ್ಕಿ ತಂಡ ಅದು ಯಾರೆಂದು ಹಿಡಿಯಿತು. 53 ಅಮೈನೋ ಆಮ್ಲಗಳ ಇನ್ನೊಂದು ಪುಟಾಣಿ ಪ್ರೋಟೀನ್. ಹೆಸರು ಆ್ಯಂಟಿ-ಟ್ರಾಪ್. ಅದು ಟ್ರಿಪ್ಟೊಫಾನ್ ತುಂಬಿದ ಬಳೆಯ ಮೇಲೆ ಬಂದು ಕೂತು ಆರ್‌ಎನ್‌ಎ ಹಿಡಿಯುವ ಜಾಗವನ್ನೇ ಮುಚ್ಚುತ್ತದೆ. ಕುಳಿಗಳಲ್ಲಿ ಟ್ರಿಪ್ಟೊಫಾನ್ ಇದ್ದರೂ ಬಳೆ ಕೈಲಾಗದೆ ಉಳಿಯುತ್ತದೆ.

ಈ ಆ್ಯಂಟಿ-ಟ್ರಾಪ್ ಯಾವಾಗ ಹುಟ್ಟಬೇಕು ಅನ್ನುವುದಕ್ಕೆ ಎರಡು ಕಾವಲು. ಮೊದಲನೆಯದು ಟಿ-ಬಾಕ್ಸ್, ಲ್ಯಾಕ್ಟೊಕಾಕಸ್‌ನಲ್ಲಿ ಕಂಡದ್ದೇ. ಖಾಲಿ ಟಿಆರ್‌ಎನ್‌ಎ ಬಂದು ಆ್ಯಂಟಿ-ಟ್ರಾಪ್ ಜೀನ್‌ನ ಮುಂಭಾಗದ ಆರ್‌ಎನ್‌ಎಗೆ ಅಂಟಿದರೆ ಬರವಣಿಗೆ ಮುಂದುವರಿಯುತ್ತದೆ. ಬೆನ್ನ ಮೇಲೆ ಟ್ರಿಪ್ಟೊಫಾನ್ ಇರುವ ಟಿಆರ್‌ಎನ್‌ಎಗೆ ಹಾಗೆ ಅಂಟಿ ದಾರಿ ತೆರೆಯಲು ಆಗದು. ಎರಡನೆಯ ಕಾವಲಿನಲ್ಲಿ ರೈಬೋಸೋಮ್ ಬರುತ್ತದೆ. ಜೀನ್‌ಗೆ ಸ್ವಲ್ಪ ಮುಂಚೆ 10 ಅಮೈನೋ ಆಮ್ಲಗಳ ಚಿಕ್ಕ ಪೆಪ್ಟೈಡ್, ಅದರಲ್ಲಿ 3 ಟ್ರಿಪ್ಟೊಫಾನ್. ರೈಬೋಸೋಮ್ ಸಲೀಸಾಗಿ ಕೊನೆ ಮುಟ್ಟಿದರೆ ಅದರ ಮೈಯೇ ಆ್ಯಂಟಿ-ಟ್ರಾಪ್ ಓದಲು ಬೇಕಾದ ಜಾಗವನ್ನು ಮುಚ್ಚುತ್ತದೆ. ಟ್ರಿಪ್ಟೊಫಾನ್ ಏರಿದ ಟಿಆರ್‌ಎನ್‌ಎ ಸಿಗದೆ ನಡುವೆ ನಿಂತುಕೊಂಡರೆ ಆ ಜಾಗ ಖಾಲಿ ಉಳಿಯುತ್ತದೆ, ಆ್ಯಂಟಿ-ಟ್ರಾಪ್ ಹುಟ್ಟುತ್ತದೆ. ರೈಬೋಸೋಮಿನ ತಡವರಿಕೆಯನ್ನು ಗಮನಿಸುವ ಉಪಾಯ ಬ್ಯಾಸಿಲಸ್‌ಗೆ ಗೊತ್ತಿಲ್ಲ ಅಂತಲ್ಲ. ಆರ್‌ಎನ್‌ಎ ಬರೆಯುವಾಗ ಅದು ಕೆಲಸಕ್ಕೆ ಬಾರದು, ಅದನ್ನು ಓದಿ ಪ್ರೋಟೀನ್ ಮಾಡುವಾಗ ಬರುತ್ತದೆ. ಹಾಗಾಗಿ ಅಲ್ಲಿ ಬಳಸಿಕೊಂಡಿದೆ.

ಈ ಇಡೀ ಪ್ರಕರಣದಲ್ಲಿ ನನಗೆ ಮುಖ್ಯ ಅನಿಸುವುದು ಇದೇ. ಬಳೆಯ ಆಕಾರ ಎಷ್ಟೇ ಚಂದ ಇದ್ದರೂ, ಬಳೆ ಒಂದೇ ಇದ್ದಿದ್ದರೆ ಕೋಶ ಒಂದು ದಿನ ತಪ್ಪು ತೀರ್ಮಾನಕ್ಕೆ ಬಂದು ಸಾಯುತ್ತಿತ್ತು. ಟ್ರಿಪ್ಟೊಫಾನ್ ಇದೆಯಾ ಅನ್ನುವ ಪ್ರಶ್ನೆಯನ್ನು ಟ್ರಾಪ್ ಕೇಳುತ್ತದೆ. ಅದು ಬಳಕೆಗೆ ಸಿಗುತ್ತಿದೆಯಾ ಅನ್ನುವ ಪ್ರಶ್ನೆ ಆ್ಯಂಟಿ-ಟ್ರಾಪ್‌ನದು. ಎರಡರಲ್ಲಿ ಜಗಳ ಬಂದರೆ ಎರಡನೆಯದರ ಮಾತೇ ಗೆಲ್ಲುತ್ತದೆ. ಹಾಗೆ ಗೆಲ್ಲಲೇಬೇಕು.

ಈ ಬಳೆ ಈಗ ಬ್ಯಾಕ್ಟೀರಿಯಾದ ಹೊರಗೂ ಕೆಲಸಕ್ಕೆ ಬಂದಿದೆ. 2019ರಲ್ಲಿ ವಿಜ್ಞಾನಿಗಳು ಟ್ರಾಪ್‌ನ ಅಮೈನೋ ಆಮ್ಲಗಳನ್ನು ತುಸು ಬದಲಿಸಿ, ಅಂಥ 24 ಬಳೆಗಳನ್ನು ಚಿನ್ನದ ಪರಮಾಣುಗಳಿಂದ ಬೆಸೆದು ಒಂದು ಟೊಳ್ಳು ಪಂಜರ ಕಟ್ಟಿದರು. 24 ಬಳೆ ಅಂದರೆ 264 ತುಂಡು. ತುಂಬಾ ಗಟ್ಟಿ, ಆದರೆ ಬೇಕಾದಾಗ ಬಿಚ್ಚಬಹುದು.

ಕೊನೆಗೆ ಪ್ರಯೋಗಾಲಯಗಳಲ್ಲಿರುವ ಬ್ಯಾಸಿಲಸ್ ಬಗ್ಗೆ ಒಂದು ಮಾತು. ಪ್ರಪಂಚದಾದ್ಯಂತ ಹೆಚ್ಚಾಗಿ ಬಳಸುವುದು 168 ಎಂಬ ತಳಿ. 1947ರಲ್ಲಿ ಯೇಲ್‌ನಲ್ಲಿ ಬರ್ಕ್‌ಹೋಲ್ಡರ್ ಮತ್ತು ಜೈಲ್ಸ್ ವಿಕಿರಣ ಹಾಯಿಸಿ ಪಡೆದ ತಳಿಗಳಲ್ಲಿ ಒಂದು. ಅದರ ಟ್ರಿಪ್-ಸಿ ಜೀನ್‌ನಲ್ಲಿ ಮೂರು ಅಕ್ಷರ ಬಿಟ್ಟುಹೋಗಿವೆ. ಹಾಗಾಗಿ ಅದಕ್ಕೆ ತನ್ನ ಟ್ರಿಪ್ಟೊಫಾನ್ ತಾನೇ ಮಾಡಿಕೊಳ್ಳಲು ಬರುವುದಿಲ್ಲ, ಊಟದಲ್ಲಿ ಬೆರೆಸಿ ಕೊಡಬೇಕು. ಆರು ಜೀನ್‌ಗಳ ಸಾಲಿನಲ್ಲಿ ಮೂರನೆಯದೇ ಮುರಿದಿದೆ. ಆದರೂ ಅದರಲ್ಲಿ ಎಂಟಿಆರ್-ಬಿ ಸರಿಯಾಗಿಯೇ ಇದೆ. ಊಟದಲ್ಲಿ ಟ್ರಿಪ್ಟೊಫಾನ್ ಬಂದಾಗ ಹನ್ನೊಂದು ಕುಳಿಗಳೂ ತುಂಬುತ್ತವೆ, ಪಾಲಿಮರೇಸ್ 107ರಲ್ಲಿ ತಂಗುತ್ತದೆ, ಬಳೆ ಆರ್‌ಎನ್‌ಎ ಸುತ್ತಿ ಹಿಡಿಯುತ್ತದೆ.